ಮೆಕ್ಯಾನಿಕ್ಕಿನ ಕೂಲಿ ಸೊನ್ನೆ

ಒಂದು ಲೆಕ್ಕದಿಂದ ಶುರು ಮಾಡೋಣ. ಒಬ್ಬ ಹಳೇ ಕಾರೊಂದನ್ನು ಸಾವಿರ ಪೌಂಡಿಗೆ ಕೊಳ್ಳುತ್ತಾನೆ. ಐನೂರು ಪೌಂಡಿನ ಬಿಡಿಭಾಗ ತರುತ್ತಾನೆ. ರಿಪೇರಿ ಆದ ಕಾರನ್ನು ಎರಡು ಸಾವಿರಕ್ಕೆ ಮಾರುತ್ತಾನೆ. ಲಾಭ ಎಷ್ಟು? ಐದನೇ ಕ್ಲಾಸಿನ ಹುಡುಗ ಕೂಡ ಐನೂರು ಅಂತ ಹೇಳಿಬಿಡುತ್ತಾನೆ. ಟೆಲಿವಿಷನ್ನೂ ಇದೇ ರೀತಿಯ ಲೆಕ್ಕವನ್ನು ವರ್ಷಗಟ್ಟಲೆ ಹೇಳಿತು. ಆದರೆ ಆ ಸಾವಿರದ ಕಾರು ಎರಡು ಸಾವಿರದ ಕಾರಾದದ್ದು ಹೇಗೆ? ನಡುವೆ ಒಬ್ಬ ಮನುಷ್ಯ ಕಾರಿನ ಅಡಿಗೆ ಹೋಗಿ, ತುಕ್ಕು ಹಿಡಿದ ಬೋಲ್ಟುಗಳ ಜೊತೆ ಗುದ್ದಾಡಿ, ಕೈ ಮೈ ಗ್ರೀಸು ಮಾಡಿಕೊಂಡು ದುಡಿದಿದ್ದಾನೆ. ಅವನ ದುಡಿಮೆ ಆ ಲೆಕ್ಕದಲ್ಲಿ ಯಾವ ಸಾಲಿನಲ್ಲೂ ಇಲ್ಲ. ಕೊಂಡ ಬೆಲೆ ಇದೆ, ಸಾಮಾನಿನ ಬೆಲೆ ಇದೆ, ಮಾರಿದ ಬೆಲೆ ಇದೆ. ಕೂಲಿ ಮಾತ್ರ ಸೊನ್ನೆ.

ಮೇಲಿನ ಅಂಕಿಗಳು ನಾನು ಉದಾಹರಣೆಗೆ ಹಾಕಿಕೊಂಡವು. ಲೆಕ್ಕದ ರೀತಿ ಮಾತ್ರ ನನ್ನದಲ್ಲ, 'ವೀಲರ್ ಡೀಲರ್ಸ್' ಅನ್ನುವ ಇಂಗ್ಲೆಂಡಿನ ಕಾರ್ಯಕ್ರಮದ್ದು. 2003ರಲ್ಲಿ ಡಿಸ್ಕವರಿಯ ಚಾನೆಲ್ಲುಗಳಲ್ಲಿ ಶುರುವಾಗಿ ಲೋಕದ ಹತ್ತಾರು ದೇಶ ಸುತ್ತಿದ ಇದು ಕೇಬಲ್ಲಿನ ತಂತಿ ಹಿಡಿದು ನಮ್ಮ ತಾಲ್ಲೂಕು ಊರುಗಳಿಗೂ ಬಂತು. ಇದರಲ್ಲಿ ಇಬ್ಬರು. ಮೈಕ್ ಬ್ರೂವರ್ ಅನ್ನುವವನು ವ್ಯಾಪಾರಿ: ಕೊಳ್ಳುವುದು, ಚೌಕಾಸಿ ಮಾಡುವುದು, ಮಾರುವುದು ಅವನ ಕೆಲಸ. ಎಡ್ ಚೀನಾ ಅನ್ನುವವನು ಮೆಕ್ಯಾನಿಕ್. ಆರೂವರೆ ಅಡಿ ಎತ್ತರದ ಆಳು, ಕೈಗೆ ಕಿತ್ತಳೆ ಬಣ್ಣದ ಗ್ಲೌಸು, ಮುಖದ ಮೇಲೆ ಒಂದು ಸಂಕೋಚದ ನಗೆ. ಹೆಸರು ಚೀನಾ ಅಂತ ಇದ್ದರೂ ಆತ 1971ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅಪ್ಪಟ ಇಂಗ್ಲಿಷಿನವನು. ಹದಿಮೂರು ಸರಣಿ, ನೂರಕ್ಕೂ ಹೆಚ್ಚು ಕಾರು ಆತನ ಕೈಯಲ್ಲಿ ಹಾದುಹೋದವು. 2017ರಲ್ಲಿ ಆತ ಹೊರಬಂದ. ಆ ಹೊರಬಂದ ಕತೆಯನ್ನು ಮುಂದೆ ಹೇಳುತ್ತೇನೆ, ಯಾಕೆಂದರೆ ನನ್ನ ವಾದ ನಿಂತಿರೋದೇ ಅದರ ಮೇಲೆ.

ಗೆಳೆಯರು ಕೇಳಬಹುದು: ದಲಿತ-ಬಂಡಾಯದ ಪತ್ರಿಕೆಗೆ ಇಂಗ್ಲೆಂಡಿನ ಬಿಳಿಯ ಮೆಕ್ಯಾನಿಕ್ಕನ ಉಸಾಬರಿ ಯಾಕೆ? ನ್ಯಾಯವಾದ ಪ್ರಶ್ನೆ. ಕಥೆ ಕವನಗಳನ್ನಷ್ಟೇ ವಿಮರ್ಶೆ ಮಾಡುತ್ತ ಕೂತರೆ ನಮ್ಮ ಜನ ದಿನಾ ರಾತ್ರಿ ಏನು ನೋಡುತ್ತಾರೆ ಅನ್ನೋದು ನಮ್ಮ ವಿಮರ್ಶೆಯಿಂದ ತಪ್ಪಿಸಿಕೊಳ್ಳುತ್ತದೆ. ಕಾದಂಬರಿ ಓದದ ಹುಡುಗ ಟಿ.ವಿ. ನೋಡುತ್ತಾನೆ. ದುಡಿಮೆ ಅಂದರೆ ಏನು, ಯಾರದ್ದು ಬುದ್ಧಿ, ಯಾರದ್ದು ಬರೀ ಮೈಕಸುವು ಅನ್ನುವ ಪಾಠ ಅವನಿಗೆ ಅಲ್ಲಿಂದಲೇ ಸಿಗುತ್ತಿದೆ. ಆ ಪಾಠದ ಒಳ್ಳೆಯದು ಕೆಟ್ಟದ್ದು ಎರಡನ್ನೂ ನಾವು ನೋಡದಿದ್ದರೆ ಇನ್ಯಾರು ನೋಡಬೇಕು?

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಎಡ್ ಚೀನಾ ವರ್ಕ್‌ಶಾಪಿನಲ್ಲಿ ನಿಂತಾಗ ಟೆಲಿವಿಷನ್ನು ಅಪರೂಪಕ್ಕೆ ಮಾಡುವ ಒಂದು ಕೆಲಸ ಮಾಡುತ್ತಿತ್ತು. ದುಡಿಯುವವನ ಬಾಯಲ್ಲಿ ವಿದ್ಯೆಯನ್ನು ಕೇಳಿಸುತ್ತಿತ್ತು. ಇಂಜಿನ್ನಿನ ಹೆಡ್ ಗ್ಯಾಸ್ಕೆಟ್ ಬದಲಾಯಿಸುವ ಕೆಲಸವನ್ನೇ ತಗೊಳ್ಳಿ. ಇಂಜಿನ್ನಿನ ಕೆಳಗಿನ ದೊಡ್ಡ ಬ್ಲಾಕು, ಅದರ ಮೇಲೆ ಕೂರುವ ಹೆಡ್ಡು, ಎರಡರ ನಡುವೆ ಒಂದು ತೆಳುವಾದ ತಗಡಿನಂಥ ಹಾಳೆ. ಅದು ಸುಟ್ಟರೆ ನೀರು ಹೋಗಿ ಆಯಿಲ್ಲಿಗೆ ಸೇರುತ್ತದೆ, ಆಯಿಲ್ಲು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿದರೆ ಸಾಕು, ಅನುಭವಸ್ಥನಿಗೆ ರೋಗ ತಿಳಿದುಹೋಗುತ್ತದೆ. ಹೊಸ ಗ್ಯಾಸ್ಕೆಟ್ ಹಾಕಿ ಬೋಲ್ಟು ಬಿಗಿಯುವಾಗ ಒಂದು ತುದಿಯಿಂದ ಶುರು ಮಾಡುವಂತಿಲ್ಲ. ನಡುವಿನಿಂದ ಹೊರಕ್ಕೆ, ಎಡಬಲ ದಾಟಿಸಿಕೊಂಡು, ಒಂದೇ ಸಲಕ್ಕಲ್ಲ, ಎರಡು ಮೂರು ಸುತ್ತಿನಲ್ಲಿ, ಎಷ್ಟು ಬಲ ಬಿತ್ತು ಅಂತ ತೋರಿಸುವ ಟಾರ್ಕ್ ಪಾನಾ ಹಿಡಿದು ಬಿಗಿಯಬೇಕು. ಇಲ್ಲದಿದ್ದರೆ ಹೆಡ್ಡು ಸೊಟ್ಟಗಾಗಿ ಮಾಡಿದ ಕೆಲಸವೆಲ್ಲ ನೀರುಪಾಲು. ಇಂಥ ಕೆಲಸಗಳನ್ನು ಚೀನಾ ಗಡಿಬಿಡಿ ಇಲ್ಲದೆ ತೋರಿಸುತ್ತಿದ್ದ. ಹಳೇ ಭಾಗ, ಹೊಸ ಭಾಗ ಎರಡನ್ನೂ ಬೆಂಚಿನ ಮೇಲೆ ಪಕ್ಕಪಕ್ಕ ಇಟ್ಟು, ಇದು ಎಲ್ಲಿ ಸವೆದಿದೆ, ಯಾಕೆ ಸವೆದಿದೆ ಅಂತ ಹೇಳುತ್ತಿದ್ದ. ಮೇಷ್ಟ್ರಾಗಿ ಹೇಳುತ್ತೇನೆ, ಬಿ.ಎಡ್. ಕಾಲೇಜಿನಲ್ಲಿ ನಮಗೆ ಪಾಠೋಪಕರಣ ಅಂತ ಕಲಿಸಿದ್ದು ಇದರ ಮುಂದೆ ಏನೂ ಅಲ್ಲ.

ಇನ್ನೊಂದು ಮಾತು. ಆತ ಕಾರಿನ ಬಗ್ಗೆ ಮಾತಾಡುವಾಗ ನೋಡುವವನನ್ನು ದಡ್ಡ ಅಂತ ತಿಳಿಯುತ್ತಿರಲಿಲ್ಲ. ನೀನೂ ಮಾಡಬಹುದು ಅನ್ನುವ ಧಾಟಿ ಇರುತ್ತಿತ್ತು. ವಿದ್ಯೆಯನ್ನು ಬಚ್ಚಿಡುವುದರ ಮೇಲೆಯೇ ಸಾವಿರಾರು ವರ್ಷ ಬದುಕಿದ ಸಮಾಜದಿಂದ ಬಂದ ನಮಗೆ ಈ ಧಾಟಿಯ ಬೆಲೆ ಗೊತ್ತಾಗಬೇಕು. ಕೇಳಿದ ಕಿವಿಗೆ ಸೀಸ ಹುಯ್ಯಿರಿ ಅಂದ ಶಾಸ್ತ್ರದ ಎದುರು, ಬಾ, ಹತ್ತಿರ ಬಂದು ನೋಡು ಅನ್ನುವ ಈ ಗ್ರೀಸು ಕೈಯವನು ನನಗೆ ಹತ್ತಿರದವನು.

ಇಷ್ಟು ಹೇಳಿದ ಮೇಲೆ ತಕರಾರು. ಕೆಲಸವನ್ನು ಇಷ್ಟು ಚೆನ್ನಾಗಿ ತೋರಿಸಿದ ಕಾರ್ಯಕ್ರಮ ಆ ಕೆಲಸದ ಬೆಲೆಯನ್ನು ಮಾತ್ರ ಕೊನೆಗೂ ಹೇಳಲಿಲ್ಲ. ಚೀನಾನಿಗೆ ಚಾನೆಲ್ಲು ಸಂಬಳ ಕೊಡದೆ ಇರಲಿಲ್ಲ, ಅದು ನನಗೂ ಗೊತ್ತು. ನನ್ನ ಮಾತು ಅದಲ್ಲ. ಪರದೆಯ ಮೇಲೆ ಕೋಟ್ಯಂತರ ಜನಕ್ಕೆ ತೋರಿಸುವ ಲೆಕ್ಕದಲ್ಲಿ ಕೂಲಿಯನ್ನು ಬಿಟ್ಟರೆ ಲಾಭ ಎಲ್ಲಿಂದ ಹುಟ್ಟಿತು ಅಂತ ಜನ ತಿಳಿಯಬೇಕು? ಬ್ರೂವರನ ಬಾಯಿಂದ ಹುಟ್ಟಿತು ಅಂತ ತಿಳಿಯುತ್ತಾರೆ. ಆತ ಎರಡು ನಿಮಿಷ ಚೌಕಾಸಿ ಮಾಡಿ ಕೈ ಕುಲುಕಿದ್ದೇ ದೊಡ್ಡ ಸಾಧನೆ ಅಂತ ಕಾಣುತ್ತದೆ. ಮೇಲಿನ ಲೆಕ್ಕಕ್ಕೇ ವಾಪಸ್ಸು ಬನ್ನಿ. ಆ ಕಾರಿಗೆ ನಲವತ್ತು ಗಂಟೆ ಕೆಲಸ ಹಿಡಿಯಿತು ಅಂತ ಇಟ್ಟುಕೊಳ್ಳಿ. ಗಂಟೆಗೆ ಬರೀ ಇಪ್ಪತ್ತು ಪೌಂಡು ಹಾಕಿದರೂ ಎಂಟುನೂರು. ಐನೂರರ ಲಾಭ ಹೋಗಿ ಮುನ್ನೂರರ ನಷ್ಟ. ಅಂದರೆ ಆ ವ್ಯಾಪಾರ ನಿಂತಿದ್ದೇ ಕೂಲಿ ಕೊಡದ ಲೆಕ್ಕದ ಮೇಲೆ.

ಬ್ರೂವರನನ್ನು ನಾನು ಖಳನಾಯಕ ಮಾಡುತ್ತಿಲ್ಲ. ಯಾವ ಕಾರಿಗೆ ಗಿರಾಕಿ ಇದ್ದಾನೆ, ಯಾವ ತುಕ್ಕು ಚರ್ಮದ್ದು, ಯಾವ ತುಕ್ಕು ಮೂಳೆಯದ್ದು ಅಂತ ಗುರುತಿಸುವುದೂ ವಿದ್ಯೆಯೇ. ಚೀನಾ ಒಬ್ಬನೇ ಎಲ್ಲಾ ಮಾಡಿದ ಅನ್ನುವುದೂ ಸುಳ್ಳು. ಕ್ಯಾಮೆರಾದ ಆಚೆ ಬೇರೆ ಮೆಕ್ಯಾನಿಕ್ಕುಗಳಿದ್ದರು. ವಾರಗಟ್ಟಲೆ ನಡೆದ ಕೆಲಸ ಪರದೆಯ ಮೇಲೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಮುಗಿಯಬೇಕಾದರೆ ಅವರ ದುಡಿಮೆ ಕಣ್ಣಿಗೆ ಬೀಳದೆ ಹೋಗಲೇಬೇಕು. ವ್ಯಾಪಾರಿಯ ನೆರಳಲ್ಲಿ ಮೆಕ್ಯಾನಿಕ್, ಆ ಮೆಕ್ಯಾನಿಕ್ಕಿನ ನೆರಳಲ್ಲಿ ಹೆಸರಿಲ್ಲದ ಇನ್ನಷ್ಟು ಕೈಗಳು. ಏಣಿಶ್ರೇಣಿ ಅಂದರೆ ನಮಗೆ ಹೇಳಿಕೊಡಬೇಕಾಗಿಲ್ಲ.

ನಮ್ಮ ಬಸ್‌ಸ್ಟ್ಯಾಂಡಿನ ಹಿಂದಿನ ಗ್ಯಾರೇಜುಗಳನ್ನು ನೆನಪು ಮಾಡಿಕೊಳ್ಳಿ. ನಾನು ಕಂಡ ಗ್ಯಾರೇಜುಗಳಲ್ಲಿ ಪಾನಾ ಹಿಡಿದ ಕೈಗಳು ಬಹುಪಾಲು ಮುಸಲ್ಮಾನರವು, ದಲಿತರವು, ಹಿಂದುಳಿದವರವು. ಸ್ಕೂಲು ಬಿಟ್ಟ ಹುಡುಗ ಮೊದಲ ವರ್ಷ ಟೀ ತರುತ್ತಾನೆ, ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಾನೆ, ಮೇಸ್ತ್ರಿ ಹದಿನಾಲ್ಕು ಹದಿನೈದು ಅಂದರೆ ಅದೇ ನಂಬರಿನ ಪಾನಾ ಕೈಗೆ ಕೊಡುತ್ತಾನೆ. ಗ್ಲೌಸಿನ ಮಾತೇ ಇಲ್ಲ. ಸಂಜೆ ಕೈಯನ್ನು ಸೋಪಿನ ಪುಡಿ, ಮರದ ಹೊಟ್ಟು ಹಾಕಿ ತಿಕ್ಕುತ್ತಾನೆ; ಆದರೂ ಉಗುರಿನ ಸಂದಿಯ ಕಪ್ಪು ಹೋಗುವುದಿಲ್ಲ. ಆ ಕಪ್ಪನ್ನು ನೋಡಿ ಹೆಣ್ಣು ಕೊಡದೆ ಹೋದವರಿದ್ದಾರೆ. ಚೀನಾನ ಕಿತ್ತಳೆ ಗ್ಲೌಸು ಆತನಿಗೆ ಗುರುತಿನ ಚೀಟಿ ಆಯಿತು, ಅಭಿಮಾನಿಗಳು ಅದನ್ನು ಕೊಂಡಾಡಿದರು. ಒಳ್ಳೆಯದೇ, ಕೈ ಕಾಪಾಡಿಕೊಳ್ಳುವುದು ಎಲ್ಲ ದುಡಿಯುವವರ ಹಕ್ಕು. ನಮ್ಮ ಹುಡುಗನ ಕೈಯ ಗುರುತು ಮಾತ್ರ ಹಾಕಿ ತೆಗೆಯುವಂಥದ್ದಲ್ಲ.

ಗ್ಯಾರೇಜಿನ ಬಿಲ್ಲನ್ನು ಎಂದಾದರೂ ಗಮನವಿಟ್ಟು ನೋಡಿದ್ದೀರಾ? ಎರಡು ಭಾಗ ಇರುತ್ತೆ. ಒಂದು ಸ್ಪೇರ್ ಪಾರ್ಟ್ಸು, ಒಂದು ಲೇಬರ್ ಚಾರ್ಜು. ಗಿರಾಕಿ ಸ್ಪೇರ್ ಪಾರ್ಟ್ಸಿನ ಬೆಲೆಯ ಬಗ್ಗೆ ತುಟಿ ಬಿಚ್ಚುವುದಿಲ್ಲ, ಅದು ಕಂಪನಿ ಹಾಕಿದ ಬೆಲೆ. ಚೌಕಾಸಿ ಶುರುವಾಗೋದು ಲೇಬರಿನ ಹತ್ತಿರ. 'ಏನಪ್ಪಾ, ನಾಲ್ಕು ಬೋಲ್ಟು ಬಿಚ್ಚಿ ಹಾಕೋದಕ್ಕೆ ಇಷ್ಟಾ?' ಅನ್ನುತ್ತಾರೆ. ಕಬ್ಬಿಣಕ್ಕೆ ಮರ್ಯಾದೆ, ಕೈಗೆ ಇಲ್ಲ. ಆಯುಧಪೂಜೆ ದಿನ ಅದೇ ಪಾನಾಗಳನ್ನು ತೊಳೆದು ಸಾಲಾಗಿ ಜೋಡಿಸಿ ಕುಂಕುಮ ಇಡುತ್ತಾರೆ, ಕಾರಿನ ಮುಂದೆ ಬೂದುಗುಂಬಳಕಾಯಿ ಒಡೆಯುತ್ತಾರೆ. ಪಾನಾಕ್ಕೆ ಪೂಜೆ ಆಯಿತು, ಹಿಡಿದವನಿಗೆ ಒಂದು ಪೊಟ್ಟಣ ಪುರಿ. ವೇದಿಕೆಯ ಮೇಲೆ ಕಾಯಕ ಕಾಯಕ ಅಂತ ಕೊರೆಯುವ ನಮ್ಮ ಭಾಷಣಕಾರರು ಕೆಳಗಿಳಿದು ಕಾರಿನ ಹತ್ತಿರ ಬಂದಾಗ ಇದೇ ಚೌಕಾಸಿಗೆ ನಿಲ್ಲುವುದನ್ನೂ ನಾನು ಕಂಡಿದ್ದೇನೆ.

ಈಗ ಚೀನಾನ ಇನ್ನೊಂದು ಮುಖ. ಆತ ಟಿ.ವಿ.ಗೆ ಬರುವ ಮೊದಲೇ ಇನ್ವೆಂಟರ್ ಅಂತ ಹೆಸರು ಮಾಡಿದ್ದವನು. 1998ರಲ್ಲಿ ಡೇವಿಡ್ ಡೇವನ್‌ಪೋರ್ಟ್ ಅನ್ನುವವನ ಜೊತೆ ಸೇರಿ ಓಡುವ ಸೋಫಾ ಒಂದನ್ನು ಕಟ್ಟಿದ. 'ಕ್ಯಾಶುವಲ್ ಲೋಫಾ' ಅಂತ ಅದರ ಹೆಸರು. ಮಿನಿ ಕಾರಿನ 1300 ಸಿ.ಸಿ. ಇಂಜಿನ್ನು, ಸ್ಟಿಯರಿಂಗ್ ಜಾಗದಲ್ಲಿ ಪಿಜ್ಜಾ ಸುಡುವ ತಟ್ಟೆ. ಗಂಟೆಗೆ 140 ಕಿ.ಮೀ. ಓಡಿ ಗಿನ್ನೆಸ್ ದಾಖಲೆಗೆ ಸೇರಿತು. 2011ರಲ್ಲಿ ಆಸ್ಟ್ರೇಲಿಯಾದಲ್ಲಿ ಇನ್ನೊಂದು ಸೋಫಾ ಆ ದಾಖಲೆ ಮುರಿಯಿತು. ಆಮೇಲೆ ಓಡುವ ಮಂಚ, ಓಡುವ ಕಕ್ಕಸ್ಸು, ಓಡುವ ಆಫೀಸು ಮೇಜು. ಮೇಜನ್ನು 2006ರ ನವೆಂಬರಿನಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆ ಮೇಲೆ ಓಡಿಸಿಕೊಂಡು ಹೋದ. 2008ರಲ್ಲಿ ಮಂಚ ಗಂಟೆಗೆ 111 ಕಿ.ಮೀ. ಓಡಿತು.

ಇದನ್ನು ಮೊದಲು ಓದಿದಾಗ ನನಗೆ ಸಿಟ್ಟು ಬಂತು. ಹೊಟ್ಟೆ ತುಂಬಿದವರ ಆಟ ಅಂದುಕೊಂಡೆ. ಕಕ್ಕಸ್ಸನ್ನು ಗಾಡಿ ಮಾಡಿ ಓಡಿಸುವ ದೇಶ ಒಂದು ಕಡೆ. 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಕಾನೂನು ಬಂದ ಮೇಲೂ ಗುಂಡಿಗೆ ಮನುಷ್ಯನನ್ನು ಇಳಿಸಿ ಕೊಲ್ಲುತ್ತಿರುವ ನಮ್ಮ ದೇಶ ಇನ್ನೊಂದು ಕಡೆ. ಬುದ್ಧಿವಂತ ಮೆಕ್ಯಾನಿಕ್ಕಿನ ತಲೆ ಸೋಫಾ ಓಡಿಸೋದಕ್ಕಾ ಇರೋದು? ಈ ಸಿಟ್ಟನ್ನು ನಾನು ಪೂರ್ತಿ ವಾಪಸ್ಸು ತಗೊಳ್ಳುವುದಿಲ್ಲ. ಆದರೆ ಅದರ ಜೊತೆ ಇನ್ನೊಂದು ಮಾತೂ ಹೊಳೆಯಿತು. ದುಡಿಯುವವರ ಮಕ್ಕಳು ಯಾವಾಗಲೂ ಉಪಯೋಗಕ್ಕೆ ಬರುವುದನ್ನೇ ಮಾಡಬೇಕು ಅಂತ ಹೇಳುವವರು ಯಾರು? ಯಜಮಾನರೇ ತಾನೆ? ನಮ್ಮ ಹುಡುಗ ಲೂನಾದ ಇಂಜಿನ್ನು ಬಿಚ್ಚಿ ಕಳೆ ತೆಗೆಯುವ ಯಂತ್ರಕ್ಕೆ ಹಾಕಿದರೆ ಶಹಬಾಸ್ ಅನ್ನುತ್ತಾರೆ. ಅದನ್ನೇ ತಮಾಷೆಗೆ ಮಂಚಕ್ಕೆ ಹಾಕಿದರೆ 'ಕೆಲಸವಿಲ್ಲದ ತಿಕ್ಕಲು' ಅಂತ ಹೊಡೆಯುತ್ತಾರೆ. ಆಡುವುದಕ್ಕೆ ಬಿಡುವು ಬೇಕು, ಜಾಗ ಬೇಕು, ಕೆಟ್ಟು ಹೋದರೆ ಹೋಗಲಿ ಅನ್ನುವ ಧೈರ್ಯ ಬೇಕು. ಅವು ಯಾರಿಗೆ ಇವೆ, ಯಾರಿಗೆ ಇಲ್ಲ ಅನ್ನುವುದೇ ಮುಖ್ಯ. ಸೋಫಾದ ಮೇಲೆ ಸಿಟ್ಟು ಮಾಡಿಕೊಂಡು ಫಲವಿಲ್ಲ.

ಹೆಸರಿಡುವುದರಲ್ಲೂ ರಾಜಕೀಯ ಇದೆ. ಇಂಗ್ಲೆಂಡಿನವನು ಸೋಫಾಕ್ಕೆ ಇಂಜಿನ್ ಕೂರಿಸಿದರೆ ಆತ ಇನ್ವೆಂಟರ್. ನಮ್ಮ ಗ್ಯಾರೇಜಿನ ಹುಡುಗ ಸಿಗದ ಬಿಡಿಭಾಗವನ್ನು ಹಳೇ ಟೈರಿನ ರಬ್ಬರಿನಲ್ಲಿ ಕೊರೆದು ಗಾಡಿ ಓಡಿಸಿಕೊಟ್ಟರೆ ಅದು 'ಜುಗಾಡ್'. ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ಸೂಟು ಹಾಕಿಕೊಂಡವರು ಈ ಜುಗಾಡಿನ ಮೇಲೆ ಉಪನ್ಯಾಸ ಕೊಟ್ಟು ದುಡ್ಡು ಮಾಡುತ್ತಾರೆ. ಹುಡುಗನ ಕೂಲಿ ಅಷ್ಟೇ ಇರುತ್ತದೆ.

ಚೀನಾನಿಗೆ ಆ ಬಿಡುವು ಎಲ್ಲಿಂದ ಬಂತು ಅನ್ನುವುದಕ್ಕೆ ಉತ್ತರದ ಒಂದು ತುಂಡು ಆತ ಓದಿದ ಜಾಗದಲ್ಲಿದೆ. ಲಂಡನ್ನಿನ ಸೌತ್ ಬ್ಯಾಂಕ್ ವಿಶ್ವವಿದ್ಯಾಲಯದಲ್ಲಿ ವಸ್ತುಗಳನ್ನು ವಿನ್ಯಾಸ ಮಾಡುವ ಇಂಜಿನಿಯರಿಂಗ್ ಓದಿದ. ಈ ವಿಶ್ವವಿದ್ಯಾಲಯದ ಬೇರು ಬರೋ ಪಾಲಿಟೆಕ್ನಿಕ್ಕಿನಲ್ಲಿದೆ. 1892ರಲ್ಲಿ ದಕ್ಷಿಣ ಲಂಡನ್ನಿನ ದುಡಿಯುವ ಜನಕ್ಕೆ ವಿದ್ಯೆ ಸಿಗಲಿ ಅಂತ ಕಟ್ಟಿದ ಶಾಲೆ ಅದು. ಅಲ್ಲೂ ಕೈಗೂ ತಲೆಗೂ ನಡುವೆ ಗೋಡೆ ಇತ್ತು, ಈಗಲೂ ಇದೆ. ಆದರೆ ಆ ಗೋಡೆಗೆ ನೂರು ವರ್ಷದ ಹಿಂದೆಯೇ ಒಂದು ಬಾಗಿಲು ಕೊರೆದಿದ್ದರು. ಅದರಲ್ಲಿ ಹಾದುಬಂದವನು ಗ್ರೀಸು ಮೆತ್ತಿಕೊಂಡೇ ತಾನು ಇಂಜಿನಿಯರು ಅಂತ ಹೇಳಿಕೊಳ್ಳಬಹುದು. ನಮ್ಮಲ್ಲಿ ಇಂಜಿನಿಯರು ಆದವನು ಮೊದಲು ಮಾಡುವ ಕೆಲಸ ಪಾನಾ ಕೆಳಗಿಡುವುದು. ಬಾಬಾಸಾಹೇಬರು 1936ರಲ್ಲಿ 'ಜಾತಿ ವಿನಾಶ'ದಲ್ಲಿ ತೋರಿಸಿದ್ದು ಇದನ್ನೇ: ಜಾತಿ ಕೆಲಸವನ್ನಷ್ಟೇ ಹಂಚುವುದಿಲ್ಲ, ಕೆಲಸಗಾರರನ್ನೇ ಮೇಲುಕೀಳಾಗಿ ಒಡೆದು ಇಡುತ್ತದೆ. ಇಂಗ್ಲೆಂಡಿನ ಕತೆ ವರ್ಗದ ಕತೆ, ನಮ್ಮದು ವರ್ಗದ ಮೇಲೆ ಜಾತಿ ಕೂತ ಕತೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ತಪ್ಪಾಗುತ್ತದೆ.

ಇನ್ನು 2017. ಅಷ್ಟು ಹೊತ್ತಿಗೆ ಕಾರ್ಯಕ್ರಮ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಹೋಗಿತ್ತು. ಅದುವರೆಗೆ ಅಟಾಬಾಯ್ ಅನ್ನುವ ಬ್ರಿಟಿಷ್ ಕಂಪನಿ ಅದನ್ನು ತಯಾರಿಸುತ್ತಿತ್ತು. ಡಿಸ್ಕವರಿಯದೇ ಅಮೆರಿಕನ್ ಚಾನೆಲ್ಲು ವೆಲಾಸಿಟಿ ತಯಾರಿಕೆಯನ್ನು ಕೈಗೆ ತಗೊಂಡಿತು. ಆ ವರ್ಷ ಮಾರ್ಚಿನಲ್ಲಿ ಚೀನಾ ಯೂಟ್ಯೂಬಿನಲ್ಲಿ ತಾನೇ ಬಂದು ಕಾರಣ ಹೇಳಿದ. ಈಗಿನ ರೂಪದಲ್ಲಿ ಕಾರ್ಯಕ್ರಮ ಮಾಡೋದು ಬಹಳ ಕಷ್ಟ, ಅದರಲ್ಲೂ ವರ್ಕ್‌ಶಾಪಿನ ಭಾಗ ಎಲ್ಲಕ್ಕಿಂತ ಕಷ್ಟ, ಅದನ್ನು ಕಡಿಮೆ ಮಾಡಬೇಕು ಅಂತ ಹೊಸಬರ ಅಭಿಪ್ರಾಯ. ಹಾಗೆ ಮಾಡಿದರೆ ಕೆಲಸದ ಗುಣಮಟ್ಟ ಕೆಡುತ್ತದೆ, ಅದಕ್ಕೆ ತಾನು ಒಪ್ಪಲಾರೆ ಅಂತ ಆತನ ಮಾತಿನ ಸಾರಾಂಶ. ಇದು ಆತನ ಕಡೆಯ ಮಾತು ಅನ್ನುವುದನ್ನು ನಾನು ಮರೆತಿಲ್ಲ. ಆತನ ಜಾಗಕ್ಕೆ ಆಂಟ್ ಆನ್‌ಸ್ಟೆಡ್ ಬಂದ, ಅವನೂ ಕಾರು ಕಟ್ಟಬಲ್ಲವನೇ. ಕಾರ್ಯಕ್ರಮ ಮುಂದುವರಿಯಿತು.

ಆದರೆ ನೋಡಿ, ಕತ್ತರಿ ಬಿದ್ದದ್ದು ಎಲ್ಲಿಗೆ. ಕೊಳ್ಳುವ ದೃಶ್ಯಕ್ಕೆ ಖರ್ಚಿಲ್ಲ. ಮಾರುವ ದೃಶ್ಯಕ್ಕೂ ಅಷ್ಟಾಗಿ ಇಲ್ಲ. ಇಬ್ಬರು ಮಾತಾಡಿ ಕೈ ಕುಲುಕಿದರೆ ಮುಗಿಯಿತು. ಬೋಲ್ಟು ಬಿಗಿಯುವ ಕೈಯನ್ನು ಹತ್ತಿರದಿಂದ, ಅರ್ಥವಾಗುವ ಹಾಗೆ ತೋರಿಸಬೇಕಾದರೆ ಸಮಯ ಬೇಕು, ದುಡ್ಡು ಬೇಕು. ಹದಿನಾಲ್ಕು ವರ್ಷ ಪರದೆಯ ಲೆಕ್ಕದಲ್ಲಿ ಸೊನ್ನೆಯಾಗಿದ್ದ ದುಡಿಮೆ, ಕಂಪನಿಯ ಲೆಕ್ಕಕ್ಕೆ ಬಂದಾಗ ಮಾತ್ರ ದಿಢೀರಂತ ದುಬಾರಿ ಆಗಿಬಿಟ್ಟಿತು! ಲಾಭ ಹಂಚುವಾಗ ಕಾಣದ ಕೈ ಖರ್ಚು ಕಡಿಯುವಾಗ ಮೊದಲು ಕಂಡಿತು. ಇದನ್ನು ನಮ್ಮ ಗಾರ್ಮೆಂಟ್ ಕಾರ್ಖಾನೆಯ ಹೆಣ್ಣುಮಕ್ಕಳಿಗೆ ಹೇಳಿ, ಪೌರಕಾರ್ಮಿಕರಿಗೆ ಹೇಳಿ. ಯೂರೋಪಿನ ಕತೆ ಅಂತ ಅವರು ಯಾರೂ ತಬ್ಬಿಬ್ಬಾಗುವುದಿಲ್ಲ.

ಬಿಟ್ಟು ಹೋಗುವ ಸ್ವಾತಂತ್ರ್ಯ ಚೀನಾನಿಗೆ ಇತ್ತು ಅನ್ನುವುದನ್ನೂ ಹೇಳಬೇಕು. ಹೆಸರಿತ್ತು, ಸ್ವಂತ ಕಂಪನಿ ಇತ್ತು. ಮೇಸ್ತ್ರಿ ಬೈದದ್ದಕ್ಕೆ ಗ್ಯಾರೇಜು ಬಿಟ್ಟ ಹುಡುಗ ಮಾರನೇ ದಿನ ಇನ್ನೊಂದು ಗ್ಯಾರೇಜಿನ ಬಾಗಿಲಲ್ಲಿ ನಿಂತಿರುತ್ತಾನೆ. ಆತ ಮಾಡಿದ್ದನ್ನು ಬಂಡಾಯ ಅಂತ ಕರೆಯಲು ನನಗೆ ಮನಸ್ಸಿಲ್ಲ. ಆದರೆ ಕೆಲಸ ಕೆಡಿಸಿ ಕೊಡಲಾರೆ ಅಂತ ಹೇಳುವುದರಲ್ಲಿ ಕಸುಬುದಾರನ ಒಂದು ಮಾನ ಇದೆ. ಹೆಸರಾದವರು ಸಂಬಳಕ್ಕೆ ತಲೆಬಾಗಿ ಎಲ್ಲದಕ್ಕೂ ಹೂಂ ಅನ್ನುವ ಕಾಲದಲ್ಲಿ ಅದು ಸಣ್ಣದಲ್ಲ.

ಆಮೇಲೆ ಆತ ಮಾಡಿದ್ದರಲ್ಲಿ ನನಗೆ ಹಿಡಿಸಿದ್ದು ಐಸ್‌ಕ್ರೀಂ ಗಾಡಿ. 2019ರಲ್ಲಿ ಆತ ಬರೆದ 'ಗ್ರೀಸ್ ಜಂಕಿ' ಅನ್ನುವ ಆತ್ಮಕತೆಗಿಂತ ಆ ಗಾಡಿ ಹೆಚ್ಚು ಮಾತಾಡುತ್ತದೆ. ಇಂಗ್ಲೆಂಡಿನ ಬೀದಿಗಳಲ್ಲಿ ಐಸ್‌ಕ್ರೀಂ ಮಾರುವ ವ್ಯಾನುಗಳ ಯಂತ್ರ ಓಡಬೇಕಾದರೆ ವ್ಯಾನು ನಿಂತಾಗಲೂ ಡೀಸೆಲ್ ಇಂಜಿನ್ನು ಗುರ್ ಅನ್ನುತ್ತಲೇ ಇರಬೇಕು. ಸುತ್ತ ನಿಂತ ಮಕ್ಕಳ ಮೂಗಿಗೆ ಹೊಗೆ. ಚೀನಾ ಅಂಥ ಒಂದು ವ್ಯಾನಿನ ಡೀಸೆಲ್ ಇಂಜಿನ್ನು ಕಿತ್ತು ಬ್ಯಾಟರಿ, ಮೋಟಾರು ಹಾಕಿದ. ಗಾಡಿಯೂ ಕರೆಂಟಿನಲ್ಲಿ, ಐಸ್‌ಕ್ರೀಮೂ ಕರೆಂಟಿನಲ್ಲಿ. 2020ರ ಮಾರ್ಚಿನಲ್ಲಿ ಯಾರ್ಕ್‌ಷೈರಿನ ಎಲ್ವಿಂಗ್‌ಟನ್ ಏರ್‌ಫೀಲ್ಡಿನಲ್ಲಿ ಗಂಟೆಗೆ ಸುಮಾರು 119 ಕಿ.ಮೀ. ಓಡಿಸಿ ಅದಕ್ಕೂ ಒಂದು ದಾಖಲೆ ಮಾಡಿಸಿಕೊಂಡ. ಆಟದ ಚಟ ಬಿಡಲಿಲ್ಲ ನೋಡಿ! ಆದರೆ ಸೋಫಾದಿಂದ ಈ ಗಾಡಿಗೆ ಬರುವಷ್ಟರಲ್ಲಿ ಆಟದೊಳಗೆ ಬೀದಿಯಲ್ಲಿ ವ್ಯಾಪಾರ ಮಾಡುವವನೂ ಬಂದ, ಹೊಗೆ ಕುಡಿಯುವ ಮಗುವೂ ಬಂತು.

ಹೋದ ವರ್ಷ ನಮ್ಮ ಒಂಬತ್ತನೇ ತರಗತಿಗೆ ಈ ಕಾರ್ಯಕ್ರಮದ ಒಂದು ಕಂತು ತೋರಿಸಿದೆ. ಮಾತು ಅರ್ಥವಾಗದಿದ್ದರೂ ಕೆಲಸ ಅರ್ಥವಾಯಿತು. ಆಮೇಲೆ ಎಲ್ಲರಿಗೂ ಒಂದು ಖಾಲಿ ಬಿಲ್ಲಿನ ಹಾಳೆ ಕೊಟ್ಟು, ನೀವೇ ಮೇಸ್ತ್ರಿ ಅಂದುಕೊಂಡು ಲೇಬರ್ ಚಾರ್ಜು ತುಂಬಿ ಅಂದೆ. ಬಹಳ ಮಕ್ಕಳು ಮನಸ್ಸಿಗೆ ಬಂದ ಹಾಗೆ ಐವತ್ತು ಸಾವಿರ, ಲಕ್ಷ ಅಂತ ಬರೆದು ನಕ್ಕರು. ಒಬ್ಬ ಹುಡುಗನ ಅಣ್ಣ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾನೆ. ಅವನು ಒಂದೊಂದು ಕೆಲಸಕ್ಕೂ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಬೆರಳು ಮಡಿಸಿ ಎಣಿಸಿ ಎಂಟು ಸಾವಿರ ಅಂತ ಬರೆದ. ಸ್ವಲ್ಪ ಹೊತ್ತು ನೋಡಿದ. ಹೊಡೆದುಹಾಕಿ ಮೂರು ಸಾವಿರ ಅಂತ ಮಾಡಿದ. ಯಾಕೋ ಅಂದೆ. 'ಅಷ್ಟು ಬರೆದ್ರೆ ಗಿರಾಕಿ ಬರಲ್ಲ ಸಾರ್' ಅಂದ.